ಹಗೇವಿಗೆ ಇಳಿಸಿದ ಕಂದೀಲು

ಮಸ್ಕಿ
ಶ್ರಾವಣದ ಎರಡನೇ ಸೋಮವಾರ, 2024

ಅತ್ತೆಯವರಿಗೆ,

ನಿಮ್ಮ ಸೊಸೆ ಐಶ್ವರ್ಯಳ ಶರಣಾರ್ಥಿಗಳು. ಎಲ್ಲರೂ ಬರೆಯುವ ಹಾಗೆ ನಾವು ಇಲ್ಲಿ ಕ್ಷೇಮ ಎಂದು ಬರೆಯಲು ಹೋದೆ, ಕೈ ಮುಂದೆ ಸಾಗಲಿಲ್ಲ. ಉಸಿರಾಡುತ್ತಿದ್ದೇನೆ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಕುಳಿತು ಬೇಳೆ, ಬೆಲ್ಲ ತೂಗಿ ಕೊಡುತ್ತೇನೆ. ಹೊತ್ತು ಹೋಗುತ್ತಿದೆ. ಇದನ್ನು ಕ್ಷೇಮ ಅನ್ನುವುದಾದರೆ ಕ್ಷೇಮವೇ.

ನಿನ್ನೆ ಪಕ್ಕದ ಮನೆಯ ಮೆಹರಬಾನಕ್ಕ ಫೋನು ಮಾಡಿದ್ದಳು. ನಿಮ್ಮ ಮಗಳು ಅಮರೇಶ್ವರಿ ಅಕ್ಕ ಲಿಂಗಸುಗೂರಿನ ತನ್ನ ಮನೆ ಬಿಟ್ಟು ಬಂದು ನಿಮ್ಮ ಹತ್ತಿರವೇ ಇದ್ದಾಳಂತೆ. ಅವಳು ರೊಟ್ಟಿ ಬಡಿದು ಹಾಕಿದರೆ ನೀವು ಮುರಿದು ತಾಟಿನ ಅಂಚಿಗಿಟ್ಟು ಏಳುತ್ತೀರಂತೆ. ಕಣ್ಣಿನ ಪೊರೆ ತೆಗೆಯಲು ಡಾಕ್ಟರು ದಿನ ಗೊತ್ತು ಮಾಡಿದ್ದರೂ ಒಲ್ಲೆ ಎನ್ನುತ್ತೀರಂತೆ. "ಕಣ್ಣು ಬಂದು ನಂದೇನು ನೋಡೂದೈತಿ" ಎಂದಿರಂತೆ. ಆಮೇಲೆ ನನ್ನನ್ನು ಒಂದು ಮಾತು ಕೇಳಿ ಕಳಿಸಿದ್ದೀರಿ.

"ಕಂದೀಲು ಮ್ಯಾಲಕ್ಕ ಎಳಕೊಂಡಾಕಿ ಐಶ್ವರ್ಯ. ಎಳಕೊಂಡಾಗ ಅದು ಉರಿಯಾಕತ್ತಿತ್ತೋ, ಆರಿತ್ತೋ? ಅದೊಂದು ಆಕಿ ಹೇಳ್ಲಿ. ಹೇಳಿದ ಮ್ಯಾಲ ಕಣ್ಣಿನ ಮಾತು. ಫೋನಿನ್ಯಾಗ ಬ್ಯಾಡ, ಅದರಾಗ ಆಡಿದ್ದು ಆಡಿದಲ್ಲೇ ಹೋಗ್ತೈತಿ. ಕಾಗದದಾಗ ಬರೀಲಿ. ನನಗಂತೂ ಅಕ್ಷರ ಬರಂಗಿಲ್ಲ, ನೀ ಓದು. ಅಮರಿ ಓದಿದ್ರ ನಡುವ ಅಳಾಕ ಕುಂದರ್ತಾಳ" ಎಂದು ಮೆಹರಬಾನಕ್ಕನಿಗೆ ಹೇಳಿದಿರಂತೆ.

ಉರಿಯುತ್ತಿತ್ತು ಅತ್ತೆ.

ಇಷ್ಟು ಬರೆದು ಲಕೋಟೆ ಅಂಟಿಸಬಹುದು. ಆದರೆ ನೀವು ಒಂದು ಮಾತಿಗೆ ನಂಬುವವರಲ್ಲ. ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಬುಟ್ಟಿಗೆ ವಾಪಸು ಹಾಕಿ, ಮತ್ತೆ ಅದನ್ನೇ ಆರಿಸುವವರು ನೀವು. ಅದಕ್ಕೆ ಮೊದಲಿನಿಂದ ಬರೆಯುತ್ತೇನೆ. ಮೆಹರಬಾನಕ್ಕ ನಿಧಾನ ಓದಲಿ, ನೀವು ನಡುವೆ ಬಾಯಿ ಹಾಕಬೇಡಿ.

ನಿಮ್ಮ ಮಗ ಆ ಮಷಿನ್ನು ತಂದ ದಿನ ನಿಮಗೆ ನೆನಪಿರಬೇಕು. ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಗೆ ಮಧ್ಯಾಹ್ನವೇ ಬೀಗ ಹಾಕಿ, ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ನನ್ನನ್ನು ಮದುವೆಯಾಗಿ ಕರೆತಂದ ದಿನವೂ ಅಷ್ಟು ಜೋಪಾನ ಮಾಡಿರಲಿಲ್ಲ. ಲಿಂಗಸುಗೂರಿನಲ್ಲಿ ಯಾರೋ ಅದರ ಸದ್ದಿಗೆ ಬೇಸತ್ತು ಮಾರಿದ್ದು ಎಂದು ಅವರೇ ಹೇಳಿದರು. ಆಗಲೇ ನಮಗೆ ಬುದ್ಧಿ ಬರಬೇಕಿತ್ತು. ಬೂಟಿನ ಡಬ್ಬಿಗಿಂತ ಒಂಚೂರು ದೊಡ್ಡದು, ಎರಡೂ ತುದಿಗೆ ಫ್ಯಾನು. ಇದೇನು ಮಾಡುತ್ತದೆ ಎಂದು ನೀವು ಕೇಳಿದಿರಿ. ಲೆಕ್ಕ ಮಾಡುತ್ತದೆ ಎಂದರು. ಯಾರ ಲೆಕ್ಕ ಎಂದಿರಿ. ಜಗತ್ತಿನ ತುಂಬ ಇಂಥ ಮಷಿನ್ನುಗಳು ಒಂದೇ ಲೆಕ್ಕದ ಹಿಂದೆ ಬಿದ್ದಿರುತ್ತವೆ, ಬಿಡಿಸಿದವರಿಗೆ ಬಿಟ್‌ಕಾಯಿನ್ ಎಂಬ ಕಣ್ಣಿಗೆ ಕಾಣದ ನಾಣ್ಯ ಸಿಗುತ್ತದೆ, ಅದರಲ್ಲಿ ನಮಗೂ ಒಂದು ಚೂರು ಬರುತ್ತದೆ ಎಂದು ಬಿಡಿಸಿ ಹೇಳಿದರು. ನೀವು ಎಲ್ಲ ಕೇಳಿಸಿಕೊಂಡು, "ಹಿಟ್ಟು ಬೀಳದ ಗಿರಣಿ ತಂದಾನ ನನ್ನ ಮಗ" ಎಂದಿರಿ. ಮನೆಯಲ್ಲಿ ಅದಕ್ಕೆ ಆ ಹೆಸರೇ ಉಳಿಯಿತು.

ಅದರ ಸದ್ದನ್ನು ಹೇಗೆ ಹೇಳಲಿ? ಮಿಕ್ಸಿ ಹಚ್ಚಿ ಮರೆತು ಊರಿಗೆ ಹೋದಂತಿತ್ತು. ಮೊದಲು ಮಾಳಿಗೆಯ ಕೋಣೆಯಲ್ಲಿಟ್ಟರು. ಸಿಂಧನೂರಿನ ಬಿಸಿಲಿಗೆ ಅದು ಕಾದು ಕಾದು ತಾನೇ ಬಂದ್ ಆಗುತ್ತಿತ್ತು. ಕೆಳಗೆ ತಂದು ಹಳೆಯ ಟ್ರಂಕಿನೊಳಗೆ ಗಾದಿಯ ಅರಳೆ ತುಂಬಿ ನಡುವೆ ಕೂರಿಸಿದರು. ಸದ್ದು ತಗ್ಗಿತು, ಆದರೆ ಸ್ವಲ್ಪ ಹೊತ್ತಿಗೇ ಅರಳೆ ಕಮರಿದ ವಾಸನೆ ಬಂತು. ಅದು ನನ್ನ ತವರಿನ ಗಾದಿ ಎಂಬುದನ್ನು ನಾನು ಈಗಲೂ ಮರೆತಿಲ್ಲ. ಆಮೇಲೆ ಪ್ಲೈವುಡ್ಡಿನ ಡಬ್ಬಿ ಹೊಡೆಸಿದರು, ಒಳಗೆ ಥರ್ಮಾಕೋಲು ಅಂಟಿಸಿದರು, ಕಿಟಕಿಗೆ ಕೂಲರಿನ ಹಾಗೆ ತೋಯಿಸಿದ ಗೋಣಿತಟ್ಟು ಕಟ್ಟಿದರು. ಗಾಳಿಗೆ ದಾರಿ ಬಿಟ್ಟರೆ ಸದ್ದೂ ಅದೇ ದಾರಿಯಲ್ಲಿ ಹೊರಗೆ ಬರುತ್ತಿತ್ತು. ಸದ್ದಿನ ದಾರಿ ಮುಚ್ಚಿದರೆ ಮಷಿನ್ನು ಕಾಯುತ್ತಿತ್ತು. "ಇದರದೂ ನಮ್ಮ ಮನಿ ಹೆಣ್ಮಕ್ಕಳದೂ ಒಂದೇ ಹಟ ನೋಡವ್ವ" ಎಂದು ಬೆವರು ಒರೆಸಿಕೊಂಡು ನಗುತ್ತಿದ್ದರು.

ಹಿಂದಿನ ಮನೆಯ ಚಾಂದ್‌ಬೀ ತನ್ನ ಕೋಳಿ ಮೊಟ್ಟೆ ಇಡುವುದನ್ನೇ ಬಿಟ್ಟಿದೆ ಎಂದು ಜಗಳಕ್ಕೆ ಬಂದಳು. ಲಿಂಗಪೂಜೆಗೆ ಕುಳಿತರೆ ನಿಮ್ಮ ಬಾಯಿಯ ಮಂತ್ರ ನಿಮಗೇ ಕೇಳುತ್ತಿಲ್ಲ ಎಂದು ನೀವು ರೇಗಿದಿರಿ. ನಾನು ಹೇಳಿದ್ದು ಒಂದೇ ಮಾತು, ಮನೆಯಲ್ಲಿ ಅದಿರಬೇಕು ಇಲ್ಲ ನಾನಿರಬೇಕು. ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ. ಮೆಲ್ಲಗೆ ಹೇಳಿದ್ದರೆ ಆ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಓಣಿ ಅದನ್ನೇ ನೆನಪಿಟ್ಟುಕೊಂಡಿದೆ, ಇರಲಿ.

ಹಗೇವಿನ ಮಾತು ಬಂದದ್ದು ಒಂದು ಮಧ್ಯಾಹ್ನ, ನೀವು ಪಡಸಾಲೆಯ ನೆಲದ ಮೇಲೆ ಸೆರಗು ಹಾಸಿ ಅಡ್ಡಾಗಿದ್ದಾಗ. ನೆಲದಡಿಯ ಆ ಗುಂಡಿಯ ಬಾಯಿಗಲ್ಲಿನ ಮೇಲೇ ನೀವು ಮಲಗುತ್ತಿದ್ದುದು. ಎಂಥ ಬೇಸಿಗೆಯಲ್ಲೂ ಆ ಕಲ್ಲು ತಣ್ಣಗಿರುತ್ತದೆ ಎಂದಿರಿ. ನೀವು ಈ ಮನೆಗೆ ಸೊಸೆಯಾಗಿ ಬಂದಾಗ ಅದರೊಳಗೆ ವರ್ಷಕ್ಕಾಗುವಷ್ಟು ಜೋಳ ಇರುತ್ತಿತ್ತಂತೆ. ಕಾಲುವೆ ನೀರು ಹರಿದು ಊರೆಲ್ಲ ಭತ್ತ ಬೆಳೆಯತೊಡಗಿದ ಮೇಲೆ ಅದರ ಬಾಯಿ ಮುಚ್ಚಿತಂತೆ. ನೀವು ಹಳೆಯದನ್ನು ನೆನೆದು ಮಾತಿಗೆ ಹೇಳಿದಿರಿ. ಅವರು ಉಣ್ಣುತ್ತಿದ್ದ ಕೈಯಲ್ಲೇ ಎದ್ದು ಬಂದು ಕಲ್ಲಿನ ಮೇಲೆ ಅಂಗೈ ಇಟ್ಟರು. ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮನೆಯೊಳಗೇ ತಂಪು ಮತ್ತು ಮೌನ ಎರಡೂ ಇಟ್ಟುಕೊಂಡು ಇಷ್ಟು ದಿನ ಒದ್ದಾಡಿದೆನಲ್ಲ ಎಂದರು.

ಕಲ್ಲು ಸರಿಸಿದ ದಿನ ನೀವು ಅವರನ್ನು ಹತ್ತಿರ ಬಿಡಲಿಲ್ಲ. ಹಗೇವು ತೆರೆದರೆ ಒಂದು ದಿನ ಬಾಯಿ ಬಿಚ್ಚಿಡಬೇಕು. ಆಮೇಲೆ ಮನೆಯ ಹಿರಿಯ ಹೆಣ್ಣುಮಗಳು ಹಗ್ಗ ಕಟ್ಟಿ ಕಂದೀಲು ಇಳಿಸಬೇಕು. ತಳ ಮುಟ್ಟಿಯೂ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಒಳಗೆ ಕೆಟ್ಟ ಗಾಳಿ ನಿಂತಿದೆ ಎಂದು ಅರ್ಥ. ನಿಮ್ಮ ಅತ್ತೆ ನಿಮಗೆ ಕಲಿಸಿದ್ದು ಇದು. ನೀವು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇಳಿಸಿದಿರಿ. ಮೊದಲ ಸಲ ಅರ್ಧಕ್ಕೇ ಆರಿತು. ಆರಿತು ಅತ್ತೆ ಎಂದು ನಾನೇ ಕೂಗಿದೆ. ನಿಮ್ಮ ಮಗನ ನಗು ಅಲ್ಲಿಗೇ ನಿಂತಿತು. ಮರುದಿನ ತಳದವರೆಗೂ ಉರಿಯಿತು. ಉರಿಯುತ್ತ ಮೇಲೆ ಬಂದ ಕಂದೀಲನ್ನು ಊದಿ ಆರಿಸಬಾರದು, ಎಣ್ಣೆ ತೀರುವವರೆಗೂ ದೇವರ ಜಗಲಿಯ ಮುಂದಿಡಬೇಕು ಎಂದು ಅದನ್ನು ಅಲ್ಲಿಟ್ಟು ಕೈಮುಗಿಸಿದಿರಿ. ನಾನು ನಕ್ಕೆ, ನೀವು ತಲೆಗೆ ಮೊಟಕಿದಿರಿ.

ಆಮೇಲಿನ ಕೆಲಸವನ್ನು ಅವರು ಹಬ್ಬದ ಹಾಗೆ ಮಾಡಿದರು. ರೈಸ್‌ಮಿಲ್ಲಿನಿಂದ ಹೊಟ್ಟು ತಂದು, ಚೀಲಗಳಿಗೆ ತುಂಬಿ, ಡಬ್ಬಿಯ ಸುತ್ತ ಗೋಡೆಯಂತೆ ಜೋಡಿಸಿದರು. ತಣ್ಣಗಿರಲಿ ಎಂದು ಚೀಲಗಳಿಗೆ ನೀರು ಚಿಮುಕಿಸಿದರು. ಎರಡು ಪೈಪುಗಳನ್ನು ಹಿತ್ತಲಿಗೆ ತೆಗೆದರು, ಒಂದು ಗಾಳಿ ಒಳಗೆ ಬರಲು, ಇನ್ನೊಂದು ಬಿಸಿಗಾಳಿ ಹೊರಗೆ ಹೋಗಲು. ಹೊರಗೆ ದೂಡುವ ಫ್ಯಾನು ಮೇಲಿದ್ದರೆ ಅದೂ ಸದ್ದು ಮಾಡುತ್ತದೆ ಎಂದು ಅದನ್ನು ಪೈಪಿನ ಕೆಳತುದಿಗೆ, ಹಗೇವಿನ ತಳದಲ್ಲಿ ಕೂರಿಸಿದರು. ಕಲ್ಲು ಮುಚ್ಚಿ ಸ್ವಿಚ್ಚು ಹಾಕಿದರು.

ಆ ಸಂಜೆಯನ್ನು ನೀವು ಮರೆತಿರಲಾರಿರಿ. ಮೂವರೂ ಪಡಸಾಲೆಯಲ್ಲಿ ಉಣ್ಣಲು ಕುಳಿತೆವು. ಗೋಡೆ ಗಡಿಯಾರದ ಸದ್ದು ಕೇಳಿತು. ಮೆಹರಬಾನಕ್ಕ ಹೊಲಿಗೆ ಮಷಿನ್ನು ತುಳಿಯುವುದು ಕೇಳಿತು. ನೀವು ಬಗ್ಗಿ ಕಲ್ಲಿಗೆ ಕಿವಿಯಿಟ್ಟು, "ಒಳಗ ಜೋಳ ಮಾತಾಡಾಕತ್ತಾವ" ಎಂದು ನಕ್ಕಿರಿ. ಅವರೂ ಕಿವಿಯಿಟ್ಟರು, ನನ್ನ ಕೈ ಎಳೆದು ನನ್ನನ್ನೂ ಬಗ್ಗಿಸಿದರು. ಹಾಗೆ ನೆಲಕ್ಕೆ ಕೆನ್ನೆ ಹಚ್ಚಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವಲ್ಲ, ಆ ಮನೆಯಲ್ಲಿ ನಾನು ಪಟ್ಟ ಸುಖವೆಲ್ಲ ಅದೊಂದು ಸಂಜೆಯಲ್ಲಿ ಇದೆ ಅನ್ನಿಸುತ್ತದೆ. ಬರೆಯುವಾಗ ಅಳು ಬರುತ್ತಿದೆ. ಬಂದರೆ ಬರಲಿ, ಅಮರೇಶ್ವರಿ ಅಕ್ಕನನ್ನು ಆಡಿಕೊಳ್ಳುವ ಹಕ್ಕು ನನಗೂ ಇಲ್ಲ.

ಬಸವ ಜಯಂತಿ ಕಳೆದ ಮೇಲೆ ಅಮರೇಶ್ವರಿ ಅಕ್ಕನ ಹೊಸ ಮನೆಯ ಗೃಹಪ್ರವೇಶವೆಂದು ಮೂವರೂ ಲಿಂಗಸುಗೂರಿಗೆ ಹೋದೆವು. ಹೋಗುವ ಮೊದಲು ಅವರು ಮಷಿನ್ನು ಬಂದ್ ಮಾಡಿ, ಇಲಿ ಹಾವು ಹೊಗಬಾರದೆಂದು ಪೈಪುಗಳ ಬಾಯಿಗೆ ಅರಿವೆ ತುರುಕಿದರು. ನೀವು ಹಳೆಯ ರೂಢಿಯಂತೆ ಕಲ್ಲಿನ ಅಂಚಿಗೆ ಮಣ್ಣು ಮೆತ್ತಿದಿರಿ. ಅಕ್ಕ ನಮ್ಮನ್ನು ಬೇಗ ಬಿಡಲಿಲ್ಲ, ನಾಲ್ಕಾರು ದಿನ ಅಲ್ಲೇ ಉಳಿದೆವು. ನಿಮ್ಮ ಮಗನಿಗೆ ಮಾತ್ರ ಊಟದಲ್ಲೂ ಮನಸ್ಸಿರಲಿಲ್ಲ, ಗಿರಣಿ ನಿಂತಿದೆ ಎಂಬ ಚಡಪಡಿಕೆ.

ತಿರುಗಿ ಬಂದ ದಿನದ್ದನ್ನು ಬರೆಯಬೇಕು. ನೀವು ಕೇಳಿದ್ದು ಅದನ್ನೇ.

ಬಂದವರೇ ಕಾಲು ತೊಳೆಯದೆ ಪೈಪಿನ ಅರಿವೆ ಕಿತ್ತು ಸ್ವಿಚ್ಚು ಹಾಕಿದರು. ಹಿತ್ತಲಿನ ಪೈಪಿನಿಂದ ಬಿಸಿಗಾಳಿ ಬರಲಿಲ್ಲ. ತಳದ ಫ್ಯಾನು ಹಿಡಿದುಕೊಂಡಿದೆ, ಇಳಿದು ಒಮ್ಮೆ ತಿರುಗಿಸಿ ಬರುತ್ತೇನೆ ಎಂದರು. ನನ್ನನ್ನು ಹಿತ್ತಲಿಗೆ ಕಳಿಸಿ, "ಪೈಪಿನ ಬಾಯಿಗೆ ಕೈ ಹಿಡಕೊಂಡು ನಿಂದ್ರು, ಗಾಳಿ ಬಂದ ಕೂಡಲೇ ಕೂಗು" ಎಂದರು. ಒಳಗೆ ನೀವು ಅವರಿಗೆ ಅಡ್ಡ ನಿಂತದ್ದು ನನಗೆ ಕೇಳಿತು. ಒಂದು ದಿನ ಬಾಯಿ ತೆರೆದಿಡು ಎಂದಿರಿ. ಇಷ್ಟು ದಿನ ಇಳಿದು ಹತ್ತಿ ಮಾಡಿಲ್ಲವೇ ಎಂದು ಅವರು ವಾದಿಸಿದರು. ಕೊನೆಗೆ, ಕಂದೀಲಾದರೂ ಇಳಿಸುತ್ತೇನೆ, ಆಮೇಲೆ ಇಳಿ ಎಂದಿರಿ. "ನಿನ್ನ ಸಮಾಧಾನಕ್ಕ ಇಳಸವ್ವ" ಎಂದು ನಕ್ಕದ್ದೂ ಕೇಳಿತು. ಅದು ನಾನು ಕೇಳಿದ ಅವರ ಕಡೆಯ ನಗು. ಸ್ವಲ್ಪ ಹೊತ್ತಾದ ಮೇಲೆ ನಿಮ್ಮ ದನಿ ಬಂತು, "ಉರಿಯಾಕತ್ತೈತಿ ಸಂಗು, ಇಳಿಯಪ್ಪ."

ನಾನು ಪೈಪಿನ ಬಾಯಿಗೆ ಅಂಗೈ ಹಿಡಿದು ನಿಂತೇ ಇದ್ದೆ. ಗಾಳಿ ಬರಲಿಲ್ಲ. ಆಮೇಲೆ ನೀವು ಕೂಗಿದಿರಿ.

ನಾನು ಓಡಿ ಬಂದಾಗ ನೀವು ಹಗೇವಿನ ಬಾಯಲ್ಲಿ ಕುಸಿದಿದ್ದಿರಿ. ಮೆಹರಬಾನಕ್ಕ ನಿಮ್ಮನ್ನು ಎತ್ತಿ ಕಟ್ಟೆಗೆ ಒಯ್ದಳು. ಮಿಲ್ಲಿನ ಹಮಾಲರು ಹಗ್ಗ ತಂದರು. ಅವರಿಗೆ ಅಡ್ಡವಾಗಬಾರದೆಂದು ಕಂದೀಲನ್ನು ನಾನು ಎಳೆದುಕೊಂಡೆ. ಅದು ಉರಿಯುತ್ತಲೇ ಮೇಲೆ ಬಂತು. ಗಾಜು ಬೆಚ್ಚಗಿತ್ತು. ಮಷಿನ್ನಿದ್ದ ಆ ಡಬ್ಬಿ ನಾಲ್ಕೂ ಕಡೆ ಮುಚ್ಚಿದ್ದು, ಒಳಗೆಲ್ಲ ಗವ್ವೆನ್ನುವ ಕತ್ತಲೆ, ನಿಮ್ಮ ಕಂದೀಲು ಬಿಟ್ಟರೆ ಅಲ್ಲಿ ಬೇರೆ ಬೆಳಕೇ ಇರಲಿಲ್ಲ. ಆದ್ದರಿಂದ ನೀವು ಕಂಡದ್ದು ಅದನ್ನೇ, ಹೇಳಿದ್ದು ಸರಿಯಾದದ್ದನ್ನೇ. ಕೆಟ್ಟ ಗಾಳಿ ಎಂದು ಓಣಿಯಲ್ಲಿ ಆಡುವವರ ಮಾತಿಗೆ ಕಿವಿ ಕೊಡಬೇಡಿ. ಫ್ಯಾನಿನ ವೈರು ಅವರ ಕೈಗೆ ತಾಗಿದೆ. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದೂ ಅದನ್ನೇ. ಕರೆಂಟು ಹಿಡಿದರೆ ಕೂಗಲೂ ಬಿಡುವುದಿಲ್ಲವಂತೆ, ಅದಕ್ಕೇ ಅವರ ದನಿ ನಿಮಗೆ ಕೇಳಲಿಲ್ಲ. ಕಂದೀಲು ಮನುಷ್ಯನಿಗೆ ಗಾಳಿ ಇದೆಯೋ ಇಲ್ಲವೋ ಹೇಳೀತು, ಕರೆಂಟಿನ ಸುದ್ದಿ ಅದಕ್ಕೇನು ಗೊತ್ತು? ನಿಮ್ಮ ಅತ್ತೆಯ ಕಾಲದಲ್ಲಿ ಅದು ಇರಲೇ ಇಲ್ಲ.

ಓಣಿಯ ಇನ್ನೊಂದು ಮಾತು ನನಗೂ ಗೊತ್ತು. ಸೊಸೆ ಸದ್ದು ಬೇಡವೆಂದು ಹಟ ಹಿಡಿದು ಗಂಡನನ್ನು ಹಗೇವಿಗೆ ಇಳಿಸಿದಳು ಎನ್ನುತ್ತಾರೆ. ಅಮರೇಶ್ವರಿ ಅಕ್ಕ ಮಣ್ಣು ಕೊಟ್ಟು ಬಂದ ದಿನವೇ ನನ್ನ ಮುಖಕ್ಕೆ ಅಂದಳು. ನೀವು ಅನ್ನಲಿಲ್ಲ, ಅವಳನ್ನು ತಡೆಯಲೂ ಇಲ್ಲ. ನನಗೆ ಅವತ್ತು ತಡೆಯಲಾರದಷ್ಟು ಸಿಟ್ಟು ಬಂತು, ಅಪ್ಪ ಕರೆದ ಕೂಡಲೇ ಮಸ್ಕಿಯ ಬಸ್ಸು ಹತ್ತಿದೆ. ಈಗ ಸಿಟ್ಟಿಲ್ಲ ಅತ್ತೆ. ಓಣಿಯವರಿಗೆ, ಅಕ್ಕನಿಗೆ ಯಾರನ್ನಾದರೂ ಅನ್ನಬೇಕು, ಅನ್ನಲಿ. ಸದ್ದು ಬೇಡವೆಂದವಳು ನಾನೇ, ಅದು ಸುಳ್ಳಲ್ಲ. ನೀವು ಮಾತ್ರ ಆ ತಪ್ಪಿನ ಪಾಲಿನಲ್ಲಿ ಒಂದು ಚೂರನ್ನೂ ನಿಮ್ಮ ತಾಟಿಗೆ ಹಾಕಿಕೊಳ್ಳಬೇಡಿ.

ಕಂದೀಲು ನನ್ನ ಹತ್ತಿರವೇ ಇದೆ. ಕೇಳದೆ ತಂದದ್ದಕ್ಕೆ ಬೈದಿರಂತೆ, ಬೈಸಿಕೊಂಡೆ. ಅವತ್ತು ನೀವು ಎಚ್ಚರವಿಲ್ಲದೆ ಮಲಗಿದ್ದಾಗ ನಾನು ಅದನ್ನು ನೀವು ಕಲಿಸಿದ ಹಾಗೆ ಇಟ್ಟೆ. ಜಗಲಿಯ ಮುಂದೆ ಜನ ತುಂಬಿದ್ದರೆಂದು ಅಡುಗೆಮನೆಯ ಮೂಲೆಯಲ್ಲಿಟ್ಟೆ. ಎಣ್ಣೆ ತೀರುವವರೆಗೂ ಉರಿದು ತಾನೇ ಶಾಂತವಾಯಿತು. ಈ ವಾರದೊಳಗೆ ಅಪ್ಪನ ಕೈಯಲ್ಲಿ ಕಳಿಸಿಕೊಡುತ್ತೇನೆ. ನೀವು ಅಲುಗಾಡಿಸಿ ನೋಡದೆ ಬಿಡುವವರಲ್ಲ, ನೋಡಿ. ಒಂದು ಹನಿ ಎಣ್ಣೆಯ ಸದ್ದು ಕೇಳಿದರೆ ನನ್ನನ್ನು ಮನೆಗೆ ಸೇರಿಸಬೇಡಿ.

ಈಗ ನಿಮ್ಮ ಸರದಿ. ರೊಟ್ಟಿ ಪೂರ್ತಿ ತಿನ್ನಬೇಕು. ಕಣ್ಣಿನ ಆಪರೇಷನ್ನಿಗೆ ಹೂಂ ಎನ್ನಬೇಕು. ಏನು ನೋಡುವುದಿದೆ ಎಂದು ಕೇಳಿದ್ದೀರಿ, ನನ್ನನ್ನು ನೋಡಿ. ಮದುವೆಯಾಗಿ ಬಂದಾಗಿನಿಂದ ನೀವು ನನ್ನ ಮುಖ ಚೆನ್ನಾಗಿ ನೋಡಿಯೇ ಇಲ್ಲ, ಪೊರೆಯೊಳಗಿಂದಲೇ ಬೈದಿದ್ದೀರಿ. ಕರೆದರೆ ಆ ದಿನ ಬಂದು ಕೈ ಹಿಡಿದು ಕೂರುತ್ತೇನೆ. ಆಮೇಲೆ ಇರು ಎಂದರೆ ಇರುತ್ತೇನೆ. ಮಸ್ಕಿಯ ಮನೆಯಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಆದರೆ ನಿಮ್ಮ ಮಗನ ಮಾತು ಆಡಿಕೊಳ್ಳಲು ಇಲ್ಲಿ ಯಾರಿಗೂ ಅವರು ಅಷ್ಟು ಗೊತ್ತಿಲ್ಲ. ಅವರನ್ನು ಬೈದು, ನಕ್ಕು, ಅತ್ತು ಮಾಡಲು ನನಗೆ ನೀವೇ ಬೇಕು.

ನಿಮ್ಮ ಮನೆಯವಳು,
ಐಶ್ವರ್ಯ

ತಾ.ಕ.: ಮೆಹರಬಾನಕ್ಕ, ಓದುವುದನ್ನು ಮೇಲಿನ ಸಹಿಗೇ ನಿಲ್ಲಿಸು. ಇದು ನಿನಗೆ ಮಾತ್ರ, ಅದಕ್ಕೇ ಬೇರೆ ಹಾಳೆಯಲ್ಲಿ ಬರೆದೆ. ಕಾಗದವನ್ನು ಅತ್ತೆ ಜಗಲಿಯ ಪೆಟ್ಟಿಗೆಯಲ್ಲಿ ಇಡಿಸಿಕೊಳ್ಳುತ್ತಾರೆ. ಈ ಹಾಳೆಯನ್ನು ನೀನು ಒಲೆಗೆ ಹಾಕು.

ಕಂದೀಲು ಆರಿತ್ತು ಅಕ್ಕ. ಮೇಲೆ ಬಂದಾಗ ಗಾಜು ತಣ್ಣಗಿತ್ತು. ನಾನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದದ್ದನ್ನು ಆ ಗದ್ದಲದಲ್ಲಿ ಯಾರೂ ನೋಡಲಿಲ್ಲ. ಹಮಾಲ ಬಸ್ಸಪ್ಪ ಇಳಿಯಲು ಹೋದಾಗ ಉಳಿದವರು ಯಾಕೆ ಅವನ ನಡು ಹಿಡಿದು ಎಳೆದರು ಎಂದು ನೀನು ಆಮೇಲೆ ಕೇಳಿದ್ದೆ. ಒಳಗಿನಿಂದ ಬಂದ ಹುಳಿ ವಾಸನೆ ಅವರಿಗೆ ಗೊತ್ತಾಗಿತ್ತು. ನೀರು ಚಿಮುಕಿಸಿದ ಹೊಟ್ಟು ಗಾಳಿಯಿಲ್ಲದೆ ಮುಚ್ಚಿಟ್ಟ ದಿನಗಳಲ್ಲಿ ಕೊಳೆತು ಹುದುಗಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದದ್ದು ನಿಜ, ಹೇಳಿದ್ದು ಕರೆಂಟಿನ ಮಾತಲ್ಲ. ಒಳಗೆ ಉಸಿರಾಡಲು ಗಾಳಿಯೇ ಇರಲಿಲ್ಲ ಎಂದರು.

ಹಾಗಾದರೆ ಅತ್ತೆ ಕಂಡದ್ದೇನು? ಮಷಿನ್ನಿನ ಡಬ್ಬಿಯ ನೆತ್ತಿಗೆ ನಮ್ಮವರು ಒಂದು ತುಂಡು ಗಾಜು ಕೂರಿಸಿದ್ದರು. ಮಷಿನ್ನು ನಡೆಯುತ್ತಿದೆಯೋ ಇಲ್ಲವೋ ಎಂದು ಇಳಿಯದೆ, ಮೇಲಿನಿಂದಲೇ ನೋಡಲಿಕ್ಕೆ. ಸ್ವಿಚ್ಚು ಹಾಕಿದರೆ ಅದರೊಳಗೆ ಹಸಿರು ದೀಪ ಹತ್ತುತ್ತದೆ, ಅವತ್ತು ಸ್ವಿಚ್ಚು ಹಾಕಿಯೇ ಇತ್ತು. ಕರೆಂಟಿನ ದೀಪಕ್ಕೆ ಗಾಳಿ ಯಾಕೆ ಬೇಕು? ಪೊರೆ ಬಂದ ಕಣ್ಣಿಗೆ ಹಸಿರೂ ಒಂದೇ, ಹಳದಿಯೂ ಒಂದೇ, ತಳದಲ್ಲಿ ಬೆಳಕು ಕಂಡಿತು, ಇಳಿ ಎಂದರು. ಅವ್ವ ನೋಡಿದ್ದಾಳೆ ಎಂದ ಮೇಲೆ ಅವರು ತಾವು ಬಗ್ಗಿ ನೋಡಲಿಲ್ಲ. ಹೋದ ಸಲ ಪಕ್ಕದಲ್ಲಿ ನಿಂತು ಆರಿತು ಎಂದು ಕೂಗಿದ್ದ ನಾನು ಈ ಸಲ ಹಿತ್ತಲಲ್ಲಿ ಪೈಪಿಗೆ ಕೈ ಹಿಡಿದು ನಿಂತಿದ್ದೆ.

ಇದು ಅತ್ತೆಗೆ ತಿಳಿದರೆ ಅವರು ಉಳಿಯುವುದಿಲ್ಲ. ಸದ್ದಿನ ಹೆಸರಿನಲ್ಲಿ ಓಣಿ ನನ್ನನ್ನೇ ಅನ್ನಲಿ, ನಿನ್ನ ಮುಂದೆ ಅಂದರೂ ತಡೆಯಬೇಡ. ಒಂದು ಕೆಲಸ ಮಾತ್ರ ಮಾಡು. ಅವರ ಕಣ್ಣಿನ ಪಟ್ಟಿ ಬಿಚ್ಚುವ ಮೊದಲು ಆ ಡಬ್ಬಿಯನ್ನು ಮೇಲೆತ್ತಿಸಿ ಎಲ್ಲಿಗಾದರೂ ಕಳಿಸಿ ಹಗೇವಿಗೆ ಮಣ್ಣು ತುಂಬಿಸು. ಆ ಗಾಜು ಅವರ ಕಣ್ಣಿಗೆ ಬೀಳಬಾರದು. ಇಳಿಯುವವರು ಒಂದು ದಿನ ಬಾಯಿ ತೆರೆದಿಡಲಿ. ಕಂದೀಲು ಇಳಿಸಲಿ, ಅದನ್ನು ನೀನೇ ಬಗ್ಗಿ ನೋಡು, ಬೇರೆ ಯಾರ ಮಾತನ್ನೂ ನಂಬಬೇಡ.

ನನಗೆ ಆ ಮನೆಗೆ ಬರಬೇಕೆಂದು ಬಹಳ ಆಸೆ ಇದೆ ಅಕ್ಕ, ಅಷ್ಟೇ ಹೆದರಿಕೆಯೂ ಇದೆ. ಕಣ್ಣು ಬಂದ ಅತ್ತೆ ನನ್ನ ಮುಖ ನೋಡಿಕೊಂಡು ಎದುರಿಗೆ ಕೂರುತ್ತಾರೆ. ಬದನೆಕಾಯಿ ನೋಡಿದ ಹಾಗೆ ನೋಡುತ್ತಾರೆ. ಅವರಿರುವವರೆಗೂ ದಿನಾ ಆ ನೋಟಕ್ಕೆ ಮುಖ ಕೊಟ್ಟು ನಗಬೇಕು. ಮಾಡುತ್ತೇನೆ.

ಕಂದೀಲಿನಲ್ಲಿ ಅವತ್ತು ಹಾಕಿದ ಎಣ್ಣೆ ಹಾಗೇ ಇದೆ, ತುಂಬಿದಷ್ಟೂ ಇದೆ. ಸುರಿದು ಖಾಲಿ ಮಾಡಬಹುದು, ಆದರೆ ಬತ್ತಿ ಹೊಸದರಂತೆ ಉದ್ದ ಉಳಿದಿದೆ, ಅತ್ತೆಯ ಬೆರಳು ಅದನ್ನು ಮುಟ್ಟಿ ನೋಡದೆ ಇರುವುದಿಲ್ಲ. ಉರಿದೇ ತೀರಬೇಕು. ಅವತ್ತಿನಿಂದ ಇದಕ್ಕೆ ಕಡ್ಡಿ ತಾಗಿಸುವ ಧೈರ್ಯ ನನಗೆ ಬಂದಿರಲಿಲ್ಲ. ಹತ್ತಲಾರದೇನೋ ಎಂದು ಅಂಜಿಕೆಯಿತ್ತು. ಈಗ ನಿನಗೆ ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಗಾಜು ಎತ್ತಿ ಕಡ್ಡಿ ಗೀರಿದೆ.

ಒಂದೇ ಕಡ್ಡಿಗೆ ಹತ್ತಿಕೊಂಡಿತು ಅಕ್ಕ. ಎಣ್ಣೆ ತೀರುವವರೆಗೂ ಇದರ ಮುಂದೆ ಕುಳಿತಿರುತ್ತೇನೆ.